ಮೀಟರ್ ಸಾರ್ ಬರೆದ ವರದಿ

ಅವರು ತೀರಿಕೊಂಡ ಸುದ್ದಿ ನನಗೆ ಗೊತ್ತಾದದ್ದು ಹನ್ನೊಂದು ದಿನ ಕಳೆದ ಮೇಲೆ, ಬಂಗಾರಪೇಟೆಯ ರೈಲ್ವೆ ಪ್ಲಾಟ್‌ಫಾರಂನಲ್ಲಿ. ಮಾರಿಕುಪ್ಪಂ ರೈಲಿಗೆ ಕಾಯುತ್ತಾ ನಿಂತಿದ್ದೆ. ಹಿಂದೆ ನಮ್ಮ ಕಂಪನಿಯಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದ ಹಿರಿಯರೊಬ್ಬರು ಎದುರಾದರು. ತಮ್ಮ ಮೊಣಕಾಲು ನೋವು, ಮಗಳ ಮನೆ ಕಟ್ಟಿದ್ದು, ಎಲ್ಲ ಹೇಳಿ ಮುಗಿಸಿ, ರೈಲು ಬಂದು ನಿಲ್ಲುವ ಹೊತ್ತಿಗೆ, "ಮೀಟರ್ ಸಾರ್ ಓಗ್ಬುಟ್ರಲ್ಲಪ್ಪ. ಮಣ್ಣಿಗೆ ನೀನು ಬರ್ನೇ ಇಲ್ಲ?" ಎಂದರು.

ನನಗೆ ಯಾರೂ ಹೇಳಿರಲಿಲ್ಲ. ಅವರ ಮನೆ ಕೋರಮಂಡಲ್‌ನಲ್ಲಿ. ದಿನಾ ಬೆಳಿಗ್ಗೆ ಆ ಸ್ಟೇಷನ್ ದಾಟಿಕೊಂಡೇ ನಾನು ಉರಿಗಾಂಗೆ ಕೆಲಸಕ್ಕೆ ಹೋಗುವುದು. ಅಷ್ಟು ಹತ್ತಿರದ ಸಾವು ನನ್ನ ಕಿವಿಗೆ ಬೀಳಲಿಲ್ಲವೆಂದರೆ, ಇವನಿಗೆ ಹೇಳುವುದು ಬೇಡ ಎಂದು ಯಾರೋ ಅಂದುಕೊಂಡಿರಬೇಕು. ಅಂದುಕೊಂಡವರ ಮೇಲೆ ನನಗೆ ಬೇಸರವಿಲ್ಲ. ಅವರ ಜಾಗದಲ್ಲಿದ್ದರೆ ನಾನೂ ಹೇಳುತ್ತಿರಲಿಲ್ಲ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಕೆಲಸಗಾರರು ಕರೆಯುತ್ತಿದ್ದಂತೆ ಮೀಟರ್ ಸಾರ್ ಎಂದೇ ಕರೆಯುತ್ತೇನೆ. ವಿಕಿರಣ ಅಳೆಯುವ ಮೀಟರನ್ನು ಚರ್ಮದ ಪಟ್ಟಿಯಲ್ಲಿ ಕುತ್ತಿಗೆಗೆ ನೇತುಹಾಕಿಕೊಂಡೇ ಓಡಾಡುತ್ತಿದ್ದರು. ಊಟಕ್ಕೆ ಕೂತಾಗ ಅದನ್ನು ಬೆನ್ನ ಹಿಂದಕ್ಕೆ ತಳ್ಳಿಕೊಳ್ಳುತ್ತಿದ್ದರೇ ಹೊರತು ತೆಗೆಯುತ್ತಿರಲಿಲ್ಲ. ಪಟ್ಟಿ ಉಜ್ಜಿ ಉಜ್ಜಿ ಅವರ ಎಲ್ಲ ಅಂಗಿಗಳ ಕಾಲರೂ ಒಂದೇ ಜಾಗದಲ್ಲಿ ಸವೆದಿತ್ತು.

ನಮ್ಮದು ಬೆಸುಗೆ ಪರೀಕ್ಷೆ ಮಾಡುವ ಸಣ್ಣ ಕಂಪನಿ. ಬಾಯ್ಲರು, ಟ್ಯಾಂಕು, ದಪ್ಪ ಪೈಪುಗಳನ್ನು ಮಾಡುವ ಶೆಡ್ಡುಗಳಿಗೆ ಹೋಗಿ, ಬೆಸುಗೆಯೊಳಗೆ ಬಿರುಕಿದೆಯೇ ಎಂದು ಫಿಲಂ ತೆಗೆದು ಹೇಳುವುದು. ಆಸ್ಪತ್ರೆಯಲ್ಲಿ ಮೂಳೆಗೆ ಎಕ್ಸ್‌ರೇ ತೆಗೆದಂತೆ ಇದು ಕಬ್ಬಿಣಕ್ಕೆ. ಅದಕ್ಕೆ ಒಂದು ಭಾರವಾದ ಪೆಟ್ಟಿಗೆ ಇರುತ್ತದೆ, ಕ್ಯಾಮೆರಾ ಅನ್ನುತ್ತೇವೆ. ಅದರೊಳಗೆ ತಂತಿಯ ತುದಿಗೆ ಮೆಣಸಿನ ಕಾಳಿನಷ್ಟು ವಿಕಿರಣದ ಲೋಹ, ಅದು ಸೋರ್ಸ್. ದೂರದಲ್ಲಿ ನಿಂತು ಹಿಡಿಕೆ ತಿರುಗಿಸಿದರೆ ಸೋರ್ಸು ಕೊಳವೆಯೊಳಗೆ ಹಾದು ಬೆಸುಗೆಯ ಹತ್ತಿರ ಹೋಗುತ್ತದೆ. ಹಿಂದಕ್ಕೆ ತಿರುಗಿಸಿದರೆ ಪೆಟ್ಟಿಗೆಗೆ ವಾಪಸ್ಸು. ಪೆಟ್ಟಿಗೆಯೊಳಗಿದ್ದರೆ ಯಾರಿಗೂ ಏನೂ ಇಲ್ಲ. ಹೊರಗೆ ಉಳಿದರೆ ಕಣ್ಣಿಗೆ ಕಾಣದು, ವಾಸನೆಯಿಲ್ಲ, ಬಿಸಿಯಿಲ್ಲ. ಹೇಳುವುದು ಮೀಟರ್ ಒಂದೇ. ನಾನು ಹಿಡಿಕೆ ತಿರುಗಿಸುವವನು. ಅವರು ಸುರಕ್ಷತೆಯ ಅಧಿಕಾರಿ.

ಅವರ ಜೊತೆ ಕೆಲಸ ಮಾಡುವುದು ಸುಖವಾಗಿರಲಿಲ್ಲ. ಈಗ ಸತ್ತಿದ್ದಾರೆಂದು ಅದನ್ನು ಮುಚ್ಚಿಟ್ಟು ಬರೆದರೆ ಅವರೇ ಒಪ್ಪುವುದಿಲ್ಲ. ಸಿಡುಕು ಸ್ವಭಾವ. ವಿಕಿರಣದ ಲೆಕ್ಕಕ್ಕೆ ಕೊಟ್ಟ ಬ್ಯಾಡ್ಜ್ ಹಾಕದೆ ಶೆಡ್ಡಿನೊಳಗೆ ಕಾಲಿಟ್ಟ ಒಬ್ಬನನ್ನು ಎಲ್ಲರೆದುರು ಬಾಗಿಲ ಹೊರಗೆ ಬಿಸಿಲಿನಲ್ಲಿ ನಿಲ್ಲಿಸಿದ್ದರು, ಅವನ ಹೆಂಡತಿ ಬುತ್ತಿ ತಂದುಕೊಟ್ಟು ನೋಡುತ್ತಾ ನಿಂತರೂ ಒಳಗೆ ಬಿಡಲಿಲ್ಲ. ನನ್ನ ಮದುವೆಗೆ ಬಂದು, ಅಕ್ಷತೆ ಹಾಕಿ, ಊಟದ ಪಂಕ್ತಿಯಲ್ಲಿ ನನ್ನ ಮಾವನ ಎದುರು, "ಇವನು ಕೆಲಸದಲ್ಲಿ ಚುರುಕು. ಆದರೆ ಸೋಂಬೇರಿ ಚುರುಕು. ಹತ್ತು ಸಲ ನೋಡಬೇಕಾದ್ದನ್ನ ಒಂದು ಸಲ ನೋಡ್ತಾನೆ," ಎಂದಿದ್ದರು. ಮಾವ ಅದನ್ನು ಮರೆಯಲಿಲ್ಲ. ನಾನೂ ಮರೆಯಲಿಲ್ಲ.

ಅಪಘಾತವಾದರೆ ಏನು ಮಾಡಬೇಕೆಂಬ ಯೋಜನೆಯನ್ನು ಎಲ್ಲ ಕಂಪನಿಗಳೂ ಒಂದು ಫೈಲಿನಲ್ಲಿ ಬರೆದಿಟ್ಟಿರುತ್ತವೆ. ಕೇಳಿದಾಗ ತೋರಿಸಲು ಅದು. ಮೀಟರ್ ಸಾರ್ ಅದನ್ನು ಗೋಡೆಗೆ ಅಂಟಿಸಿದ್ದರು, ಮೂರು ಭಾಷೆಯಲ್ಲಿ, ತಮ್ಮದೇ ಗುಂಡು ಅಕ್ಷರದಲ್ಲಿ. ಕೆಳಗೆ ಫೋನ್ ನಂಬರುಗಳು. ಪ್ರತಿ ತಿಂಗಳ ಮೊದಲ ದಿನ ಅಷ್ಟೂ ನಂಬರಿಗೆ ಫೋನ್ ಮಾಡಿ ಯಾರು ಎತ್ತುತ್ತಾರೆ ಎಂದು ನೋಡುತ್ತಿದ್ದರು. ಒಂದು ಸಲ ಅದರಲ್ಲೊಂದು ನಂಬರು ಬದಲಾಗಿ ಯಾರದೋ ಹಿಟ್ಟಿನ ಗಿರಣಿಗೆ ಹೋಯಿತು. ಗಿರಣಿಯ ಹೆಂಗಸು, "ರಾಗಿನಾ ಅಕ್ಕಿನಾ?" ಎಂದು ಕೇಳಿದಳಂತೆ. ನಾವೆಲ್ಲ ಒಂದು ವಾರ ಅದನ್ನೇ ಆಡಿಕೊಂಡು ನಕ್ಕೆವು. ಅವರು ನಗಲಿಲ್ಲ. ಎರಡು ದಿನ ಅಲೆದು ಸರಿಯಾದ ನಂಬರು ಹುಡುಕಿ ತಂದು, ಹಳೆಯದನ್ನು ಹೊಡೆದುಹಾಕಿ ಪಕ್ಕದಲ್ಲಿ ಬರೆದರು.

ಶನಿವಾರ ಮಧ್ಯಾಹ್ನ ನಮಗೆ ಕವಾಯತು. ಕೆಂಪು ದಾರ ಸುತ್ತಿದ ಟಾರ್ಚಿನ ಸೆಲ್ಲೊಂದನ್ನು ಶೆಡ್ಡಿನಲ್ಲಿ ಎಲ್ಲಾದರೂ ಬಚ್ಚಿಟ್ಟು, "ಸೋರ್ಸ್ ಬಿದ್ದುಹೋಯಿತು, ಏನು ಮಾಡ್ತೀರಿ?" ಎನ್ನುತ್ತಿದ್ದರು. ಹಗ್ಗ ಕಟ್ಟಬೇಕು, ಜನರನ್ನು ದೂರ ಕಳಿಸಬೇಕು, ಉದ್ದ ಇಕ್ಕಳ ತರಬೇಕು, ಸೀಸದ ಡಬ್ಬಿ ತೆರೆದಿಡಬೇಕು. ಈ ಆಟದಲ್ಲಿ ಎಲ್ಲರಿಗಿಂತ ಚೆನ್ನಾಗಿ ಮಾಡುತ್ತಿದ್ದವನು ಚೌಡಪ್ಪ. ಕಾಮಸಮುದ್ರದ ಕಡೆಯ ಹಳ್ಳಿಯವನು, ನಲವತ್ತು ದಾಟಿದ ಆಳು, ಪೆಟ್ಟಿಗೆ ಹೊರಲು ದಿನಗೂಲಿಗೆ ಬರುತ್ತಿದ್ದ. ಅವನ ಹೆಸರು ಕಂಪನಿಯ ಪಟ್ಟಿಯಲ್ಲಿರಲಿಲ್ಲ. ಪಟ್ಟಿಯಲ್ಲಿಲ್ಲದವನಿಗೆ ಬ್ಯಾಡ್ಜ್ ಇಲ್ಲ. ಎದೆಗೆ ಹಾಕುವ ಆ ಬ್ಯಾಡ್ಜನ್ನು ಮೂರು ತಿಂಗಳಿಗೊಮ್ಮೆ ಕಳಿಸಿದರೆ ಯಾರ ಮೈಗೆ ಎಷ್ಟು ವಿಕಿರಣ ತಗುಲಿದೆ ಎಂದು ಓದಿ ಹೇಳುತ್ತಾರೆ. ಚೌಡಪ್ಪನನ್ನು ಪಟ್ಟಿಗೆ ಸೇರಿಸಿ ಎಂದು ಮೀಟರ್ ಸಾರ್ ಮಾಲೀಕರಿಗೆ ಬರೆದ ಪತ್ರಗಳನ್ನು ನಾನೇ ನೋಡಿದ್ದೇನೆ. ಬಾಯಲ್ಲಿ ಹೇಳಿದರೆ ಸಾಲದೇ, ಒಂದೇ ಆಫೀಸಿನಲ್ಲಿ ಕೂತು ಪತ್ರ ಯಾಕೆ ಎಂದು ಒಮ್ಮೆ ಕೇಳಿದ್ದೆ.

"ನಮ್ಮಪ್ಪ ಗಣಿಯಲ್ಲಿ ಕೆಳಗಿಳಿದು ಕೆಲಸ ಮಾಡಿದವರು," ಎಂದರು. "ಕೆಮ್ಮಿ ಕೆಮ್ಮಿ ಸತ್ತರು. ಕಲ್ಲಿನ ದೂಳು. ನಮ್ಮ ಸಾಲುಮನೆಗಳ ಲೈನಿನಲ್ಲಿ ಪ್ರತಿ ಮನೆಗೂ ಗೊತ್ತು. ಕಾಗದದಲ್ಲಿ ಯಾರೋ ಬೀಡಿ ಸೇದುವ ಅಭ್ಯಾಸ ಅಂತ ಬರೆದರು. ಅಪ್ಪ ಬೀಡಿ ಮುಟ್ಟಿದವರಲ್ಲ ತಂಬಿ. ಅಮ್ಮ ಎಷ್ಟು ಆಫೀಸಿಗೆ ಹೋದರೂ ಆ ಕಾಗದ ತೆಗೆದು ತೋರಿಸೋರು." ಪತ್ರವನ್ನು ಮಡಚಿ ಲಕೋಟೆಗೆ ಹಾಕಿ, "ನನ್ನ ಕೈಯಲ್ಲಿ ಪೆನ್ನಿರೋವರೆಗೂ ಹಾಗೆ ಆಗಬಾರದು," ಎಂದರು.

ಗಣಿ ಮುಚ್ಚುವ ತನಕ ಅವರೂ ಅಲ್ಲೇ ವರ್ಕ್‌ಶಾಪಿನಲ್ಲಿದ್ದವರು. ಆಮೇಲೆ ಮುಂಬೈಗೆ ಹೋಗಿ ತರಬೇತಿ ಪಡೆದು ಈ ಕೆಲಸಕ್ಕೆ ಬಂದದ್ದು.

ಅದು ಒಂದು ಭಾನುವಾರ. ಬಂಗಾರಪೇಟೆ ರಸ್ತೆಯ ಶೆಡ್ಡೊಂದರಲ್ಲಿ ದೊಡ್ಡ ಟ್ಯಾಂಕಿನ ಬೆಸುಗೆಗೆ ಫಿಲಂ ತೆಗೆಯಬೇಕಿತ್ತು. ರಜೆಯಾದ್ದರಿಂದ ಶೆಡ್ಡು ಖಾಲಿ. ನಾನು, ಚೌಡಪ್ಪ, ಗೇಟಿನಲ್ಲಿ ವಾಚ್‌ಮನ್, ಅಷ್ಟೇ ಜನ. ಬೆಳಿಗ್ಗೆ ನಾವು ಜೊತೆಗೆ ತಂದಿದ್ದ ಮೀಟರಿನ ಬ್ಯಾಟರಿ ಇಳಿದಿರುವುದು ಕಂಡಿತು. ಬದಲಿ ಬ್ಯಾಟರಿಗೆ ಉರಿಗಾಂಗೆ ವಾಪಸ್ಸು ಹೋಗಬೇಕು. ಒಂದು ದಿನಕ್ಕೇನು ಎಂದು ಮೀಟರನ್ನು ಜೀಪಿನಲ್ಲೇ ಬಿಟ್ಟೆ. ಹತ್ತಾರು ಫಿಲಂ ಸರಾಗವಾಗಿ ಮುಗಿದವು. ಕೊನೆಯದರಲ್ಲಿ ಹಿಂದಕ್ಕೆ ತಿರುಗಿಸುವಾಗ ಹಿಡಿಕೆ ಎಂದಿಗಿಂತ ಹಗುರವಾಗಿ ತಿರುಗಿತು. ಕೈಗೆ ಅದು ಗೊತ್ತಾಯಿತು. ಈ ಮಾತನ್ನು ನಾನು ಈವರೆಗೆ ಯಾರಿಗೂ ಹೇಳಿಲ್ಲ. ಗೊತ್ತಾಯಿತು, ಆದರೆ ಊಟದ ಹೊತ್ತು ಮೀರಿತ್ತು. "ಬಿಚ್ಕೊಂಡು ಬಾರಪ್ಪ," ಎಂದು ಚೌಡಪ್ಪನಿಗೆ ಕೂಗಿ, ಹಗ್ಗದ ಆಚೆ ಫಿಲಂಗಳನ್ನು ಜೋಡಿಸುತ್ತಾ ನಿಂತೆ.

ತಂತಿಯಿಂದ ಕಳಚಿಕೊಂಡ ಸೋರ್ಸು ಕೊಳವೆಯ ತುದಿಯಲ್ಲೇ ಇತ್ತು. ಚೌಡಪ್ಪ ಅದೇ ತುದಿಯನ್ನು ಹಿಡಿದು, ಟ್ಯಾಂಕಿಗೆ ಸುತ್ತಿದ್ದ ಟೇಪು ಬಿಚ್ಚುತ್ತಿದ್ದ.

ಹೇಳದೆ ಕೇಳದೆ ಕೆಲಸದ ಜಾಗಕ್ಕೆ ಬಂದು ನೋಡುವುದು ಮೀಟರ್ ಸಾರ್ ಅವರ ಅಭ್ಯಾಸ. ಅವತ್ತೂ ತಮ್ಮ ಹಳೆಯ ಟಿವಿಎಸ್ ಮೇಲೆ ಬಂದರು. ಗೇಟಿನ ಒಳಗೆ ಬರುತ್ತಿದ್ದಂತೆಯೇ ಕುತ್ತಿಗೆಯ ಮೀಟರು ಕಿರುಚಲು ಶುರುವಾಯಿತು. ಗಾಡಿಯನ್ನು ಹಾಗೇ ನೆಲಕ್ಕೆ ಬೀಳಿಸಿ ಕೂಗಿದರು. "ಎಲ್ಲಾ ಬಿಟ್ಟು ನನ್ನ ಕಡೆ ಬನ್ನಿ. ಓಡಿ."

ನಾನು ಓಡಿದೆ. ಚೌಡಪ್ಪ ತಿರುಗಿ ನೋಡಿ, "ಇನ್ನೊಂದ್ ಸುತ್ತೈತೆ ಸಾ, ಬಿಚ್ಬುಟ್ಟು ಬತ್ತೀನಿ," ಎಂದ.

"ವಿಟ್ಟುಟ್ಟು ವಾಡಾ," ಎಂದು ತಮಿಳಿನಲ್ಲಿ ಚೀರಿದರು. ಬಿಟ್ಟು ಬಾರೋ ಎಂದು. ಅವರ ದನಿ ಒಡೆದದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಮುಂದಿನದೆಲ್ಲ ಗೋಡೆಯ ಮೇಲೆ ಬರೆದಿದ್ದ ಪ್ರಕಾರವೇ ನಡೆಯಿತು. ವಾಚ್‌ಮನ್‌ನನ್ನು ರಸ್ತೆಗೆ ಕಳಿಸಿ ಗೇಟು ಹಾಕಿಸಿದರು. ಹಗ್ಗವನ್ನು ದೂರಕ್ಕೆ ಎಳೆಸಿದರು. ಉರಿಗಾಂನಿಂದ ಇಕ್ಕಳ, ಸೀಸದ ಡಬ್ಬಿ ತರಿಸಿದರು. ನನ್ನನ್ನು ಇಟ್ಟಿಗೆ ಗೋಡೆಯ ಹಿಂದೆ ನಿಲ್ಲಿಸಿ ಕೈಗೆ ಗಡಿಯಾರ ಕೊಟ್ಟು, "ಹದಿನೈದು ಸೆಕೆಂಡಾದರೆ ಕೂಗು," ಎಂದರು. ನಾಲ್ಕು ಸಲ ಒಳಗೆ ಓಡಿ, ನಾಲ್ಕು ಸಲ ನನ್ನ ಕೂಗಿಗೆ ಸರಿಯಾಗಿ ಹೊರಗೆ ಬಂದರು. ನಾಲ್ಕನೆಯ ಸಲ ಸೋರ್ಸು ಡಬ್ಬಿಯೊಳಗಿತ್ತು. ಮೀಟರು ಸುಮ್ಮನಾಯಿತು.

ಅವರು ನೆಲದ ಮೇಲೆ ಕೂತು ಒಂದು ಚೊಂಬು ನೀರು ಕುಡಿದರು. ಆಮೇಲೆ ಚೌಡಪ್ಪನನ್ನು ಕರೆದು, ಕೈಗೆ ತಮ್ಮ ಪೆನ್ನು ಕೊಟ್ಟು, ಕೊಳವೆಯನ್ನು ಹೇಗೆ ಹಿಡಿದಿದ್ದೆ ತೋರಿಸು ಎಂದರು. ಅವನು ಬಲಗೈಯ ಹೆಬ್ಬೆರಳು ಮತ್ತೆರಡು ಬೆರಳಿನಲ್ಲಿ ಹಿಡಿದು ತೋರಿಸಿದ. ಟೇಪು ಬಿಚ್ಚಿದ ಹಾಗೆ ಮಾಡು ಎಂದರು. ಮಾಡಿದ. ಗಡಿಯಾರ ನೋಡಿ ಬರೆದುಕೊಂಡರು. ಇನ್ನೊಂದು ಸಲ ಎಂದರು. ಮೂರು ಸಲ ಮಾಡಿಸಿದರು.

"ಏನಾಗ್ತದೆ ಸಾ ನಂಗೆ?" ಎಂದು ಚೌಡಪ್ಪ ಕೇಳಿದ.

"ಎರಡು ಮೂರು ವಾರದಲ್ಲಿ ಬೆರಳು ಕೆಂಪಾಗಬಹುದು, ಬೊಬ್ಬೆ ಬರಬಹುದು. ಬಂದ ದಿನವೇ ನನಗೆ ಹೇಳು. ರಕ್ತ ಪರೀಕ್ಷೆ ಮಾಡಿಸಬೇಕು. ನಾನೇ ಕರಕೊಂಡು ಹೋಗ್ತೀನಿ," ಎಂದರು. ಸುಳ್ಳು ಸಮಾಧಾನ ಹೇಳಲಿಲ್ಲ.

ಸಂಜೆ ಉರಿಗಾಂನ ಆಫೀಸಿನಲ್ಲಿ ಇಬ್ಬರೂ ಎದುರುಬದುರು ಕೂತೆವು. ಇಂಥ ಘಟನೆಯನ್ನು ಆದಷ್ಟು ಬೇಗ ಮುಂಬೈಗೆ, ವಿಕಿರಣದ ಕೆಲಸಕ್ಕೆ ಲೈಸೆನ್ಸ್ ಕೊಡುವ ಸರ್ಕಾರಿ ಕಚೇರಿಗೆ, ತಿಳಿಸಬೇಕು ಎಂಬುದು ನಿಯಮ. ಅವರು ತಮ್ಮ ವರದಿ ಬರೆಯುತ್ತಿದ್ದರು. ನನಗೂ ಒಂದು ಹಾಳೆ ಕೊಟ್ಟಿದ್ದರು. ಅರ್ಧ ಗಂಟೆ ನಾನು ಏನೂ ಬರೆದಿರಲಿಲ್ಲ.

"ಮೀಟರ್ ಎಲ್ಲಿತ್ತು?" ತಲೆಯೆತ್ತದೆ ಕೇಳಿದರು.

"ಜೀಪಿನಲ್ಲಿ ಸಾರ್."

"ಹಾಗಂತ ಬರಿ. ಅದಕ್ಕಿಂತ ಜಾಸ್ತಿ ಬೇಡ, ಕಡಿಮೆಯೂ ಬೇಡ."

"ನನ್ನ ಸರ್ಟಿಫಿಕೇಟ್ ಹೋಗುತ್ತೆ ಸಾರ್."

"ಕೆಲವು ದಿನ ಹೋಗಬಹುದು. ತಪ್ಪು ನನ್ನದೂ ಇದೆ, ಬದಲಿ ಬ್ಯಾಟರಿ ಜೀಪಿನಲ್ಲೇ ಇರಬೇಕು ಅಂತ ನಾನು ನೋಡಬೇಕಿತ್ತು. ಅದನ್ನೂ ಬರೆದಿದ್ದೀನಿ, ಓದು," ಎಂದು ತಮ್ಮ ಹಾಳೆಯನ್ನು ನನ್ನ ಕಡೆ ತಿರುಗಿಸಿದರು. ನಿಜವಾಗಿಯೂ ಬರೆದಿದ್ದರು. ನಾನೂ ಬರೆದೆ. ಚೌಡಪ್ಪ ಎಷ್ಟು ಹೊತ್ತು ಹಿಡಿದಿದ್ದ, ನಾನು ಎಲ್ಲಿ ನಿಂತಿದ್ದೆ, ಎಲ್ಲ. ಹಿಡಿಕೆ ಹಗುರಾದದ್ದನ್ನು ಮಾತ್ರ ಬಿಟ್ಟೆ.

ಮರುದಿನ ಮಾಲೀಕರು ಕರೆಸಿದರು. ಬೈಯುತ್ತಾರೆಂದು ಹೋದರೆ ಕುರ್ಚಿ ತೋರಿಸಿ ಕಾಫಿ ತರಿಸಿದರು. "ಏನಪ್ಪಾ, ಹೆಂಡತಿಗೆ ಎಷ್ಟು ತಿಂಗಳು?" ಎಂದರು. ಏಳು ಎಂದೆ. "ಈ ವರದಿ ಹಾಗೇ ನಿಂತರೆ ಲೈಸೆನ್ಸ್ ಅಮಾನತಾಗುತ್ತೆ. ನಿಮ್ಮ ಮೀಟರ್ ಸಾರಿಗೆ ಅದೇ ಬೇಕು, ಹೆಸರು ಬರ್ತದೆ ಅವರಿಗೆ. ಇಲ್ಲಿ ಕೆಲಸ ಮಾಡೋರು ಎಲ್ಲಿಗೆ ಹೋಗಬೇಕು? ಚೌಡಪ್ಪ ನಮ್ಮ ಆಳೇ ಅಲ್ಲ. ಪಟ್ಟಿಯಲ್ಲಿದ್ದಾನಾ ನೋಡು. ಇಲ್ಲದವನಿಗೆ ಏನಾಗುತ್ತೆ?"

"ನಿನ್ನೆ ಬರೆದುಕೊಟ್ಟಿದ್ದೀನಿ ಸಾರ್."

"ಅವರು ಬರೆಸಿದರು ಅನ್ನು. ಆ ಮನುಷ್ಯನ ಕೋಪ ಯಾರಿಗೆ ಗೊತ್ತಿಲ್ಲ? ಎಲ್ಲರೂ ನಂಬ್ತಾರೆ."

ಅದು ನಿಜವಾಗಿತ್ತು. ಎಲ್ಲರೂ ನಂಬುವಂತಿತ್ತು. ಮದುವೆಯ ಪಂಕ್ತಿಯಲ್ಲಿ ನನ್ನ ಮಾವನ ಎದುರು ಆಡಿದ ಮಾತು ಆ ಹೊತ್ತಿನಲ್ಲಿ ನನಗೆ ನೆನಪಾಗಿ, ಮಾಡುತ್ತಿರುವುದು ಅಷ್ಟೇನೂ ದೊಡ್ಡ ತಪ್ಪಲ್ಲ ಎನ್ನಿಸಿತು. ಅಷ್ಟು ಸಾಕಾಯಿತು.

ಮೂರನೆಯ ವಾರ ಚೌಡಪ್ಪನ ಬೆರಳುಗಳಲ್ಲಿ ಬೊಬ್ಬೆ ಎದ್ದವು. ಅದಾಗಿ ಕೆಲವೇ ದಿನಕ್ಕೆ ಮುಂಬೈನಿಂದ ಇಬ್ಬರು ವಿಚಾರಣೆಗೆ ಬಂದರು. ಒಳ್ಳೆಯ ಜನ, ತಾಳ್ಮೆಯಿಂದ ಕೇಳಿದರು. ಅಷ್ಟರಲ್ಲಿ ಚೌಡಪ್ಪನಿಗೂ ಮಾಲೀಕರ ಕಡೆಯವರು ಹೇಳಿಕೊಟ್ಟಾಗಿತ್ತು: ಕಂಪನಿಯಲ್ಲಿ ಕಾಯಂ ಕೆಲಸ, ಇಲ್ಲದಿದ್ದರೆ ರಕ್ತ ತೆಗೆದು ಯಾವುದೋ ಊರಿನ ಆಸ್ಪತ್ರೆಯಲ್ಲಿ ಕೂಡಿಹಾಕುತ್ತಾರೆ, ಮನೆಗೆ ಬಿಡುವುದಿಲ್ಲ. ಅವನು ಬಟ್ಟೆ ಸುತ್ತಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು, "ಆವತ್ತು ನಾನಲ್ಲಿರ್ನಿಲ್ಲ ಸ್ವಾಮಿ. ಇದು ಮನೇಲಿ ಬೆಲ್ಲದ ಪಾಕ ಬಿದ್ದಿದ್ದು," ಎಂದ. ರಕ್ತ ಪರೀಕ್ಷೆಗೆ ಒಪ್ಪಲಿಲ್ಲ. ವಾಚ್‌ಮನ್ ತಾನು ಯಾರನ್ನೂ ನೋಡಿಲ್ಲ ಎಂದ.

ನನ್ನ ಸರದಿ ಬಂತು. ಮೀಟರ್ ಸಾರ್ ನನ್ನ ಪಕ್ಕದ ಕುರ್ಚಿಯಲ್ಲೇ ಕೂತಿದ್ದರು. ಮುಂಬೈನವರು ನನ್ನ ಕೈಬರಹದ ಹಾಳೆಯನ್ನು ಮುಂದಿಟ್ಟು, ಇದು ನಿಮ್ಮದೇ ಎಂದು ಕೇಳಿದರು.

"ನನ್ನದೇ. ಆದರೆ ಸಾರ್ ಹೇಳಿದ್ದನ್ನ ಬರೆದೆ. ಬರೆಯದಿದ್ದರೆ ಬಿಡುತ್ತಿರಲಿಲ್ಲ," ಎಂದೆ.

ಮೀಟರ್ ಸಾರ್ ಕೂಗಾಡುತ್ತಾರೆಂದು ಕಾದೆ. ಕೂಗಾಡಿದ್ದರೆ ನನ್ನ ಮಾತಿಗೆ ಸಾಕ್ಷಿಯಾಗುತ್ತಿತ್ತು. ಅವರು ವಿಚಾರಣೆಗೆ ಬಂದವರ ಕಡೆ ತಿರುಗಿ, "ಈಗ ಅವನು ಹೇಳಿದ್ದನ್ನ ಹಾಗೇ ಬರೆದುಕೊಳ್ಳಿ. ಒಂದು ಪದ ಬಿಡಬೇಡಿ," ಎಂದರು. ಬರೆದುಕೊಂಡ ಮೇಲೆ ಓದಿಸಿ ಕೇಳಿದರು. ಸರಿಯಾಗಿದೆ ಎಂದು ತಲೆಯಾಡಿಸಿದರು.

ಮೂರು ಜನರ ಹೇಳಿಕೆ ಒಂದು ಕಡೆ, ಅವರೊಬ್ಬರದು ಒಂದು ಕಡೆ. ಸೋರ್ಸು ಸಿಕ್ಕಿಕೊಂಡಿತ್ತು, ಯಾರಿಗೂ ತೊಂದರೆಯಾಗದೆ ಹೊರತೆಗೆಯಲಾಯಿತು ಎಂದು ಕಡತ ಮುಗಿಯಿತು. ಸುಳ್ಳು ವರದಿಯಿಂದ ಕಂಪನಿಗೆ ಕೆಟ್ಟ ಹೆಸರು ತಂದರೆಂದು ಮಾಲೀಕರು ಮೀಟರ್ ಸಾರನ್ನು ಕೆಲಸದಿಂದ ತೆಗೆದರು. ಸುತ್ತಮುತ್ತ ಈ ಕೆಲಸದ ಯಾವ ಕಂಪನಿಯೂ ಅವರನ್ನು ಸೇರಿಸಿಕೊಳ್ಳಲಿಲ್ಲ. ಅವರ ಜಾಗಕ್ಕೆ ನನ್ನನ್ನು ಮುಂಬೈಗೆ ತರಬೇತಿಗೆ ಕಳಿಸಿದರು. ಅಲ್ಲಿನ ಪರೀಕ್ಷೆಯಲ್ಲಿ, ಸೋರ್ಸು ಹೊರಗುಳಿದರೆ ಕ್ರಮವಾಗಿ ಏನು ಮಾಡುವಿರಿ ಎಂಬ ಪ್ರಶ್ನೆ ಬಂದಿತ್ತು. ಗೋಡೆಯ ಮೇಲಿದ್ದದ್ದನ್ನು ಅಕ್ಷರ ತಪ್ಪದೆ ಬರೆದೆ. ಒಳ್ಳೆಯ ಅಂಕ ಬಂತು.

ಮೀಟರ್ ಸಾರ್ ರಾಬರ್ಟ್‌ಸನ್‌ಪೇಟೆಯ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಮೊಳೆ, ನಟ್ಟು ಬೋಲ್ಟು ತೂಗಿ ಕೊಡುವ ಕೆಲಸಕ್ಕೆ ಸೇರಿಕೊಂಡರು. ಒಂದು ದಿನ ಮನೆಗೆ ಚಿಲಕ ಬೇಕಾಗಿ, ಯಾವ ಅಂಗಡಿಯೆಂದು ನೋಡದೆ ಒಳಗೆ ನುಗ್ಗಿದೆ. ತಕ್ಕಡಿಯ ಹಿಂದೆ ಅವರಿದ್ದರು. ನನ್ನ ಮುಖ ನೋಡಲಿಲ್ಲ, ಎದೆ ನೋಡಿದರು. ಕೆಲಸದಿಂದ ಹಾಗೇ ಬಂದಿದ್ದೆ, ಅಂಗಿಯ ಮೇಲೆ ಬ್ಯಾಡ್ಜಿತ್ತು.

"ಬ್ಯಾಡ್ಜನ್ನ ಪೇಟೆಗೆ ತರಬಾರದು. ರ್ಯಾಕಿನಲ್ಲಿ ಇಟ್ಟು ಬರಬೇಕು," ಎಂದರು. ಮತ್ತೆ ಮೊಳೆ ತೂಗತೊಡಗಿದರು. ನಾನು ಬ್ಯಾಡ್ಜನ್ನು ಜೇಬಿಗೆ ಹಾಕಿಕೊಂಡು ಚಿಲಕ ಕೊಳ್ಳದೆ ಈಚೆ ಬಂದೆ. ಕೆಲಸ ಹೋದ ಮೇಲೆ ಅವರು ನನ್ನೊಂದಿಗೆ ಆಡಿದ ಮಾತು ಅಷ್ಟೇ.

ಚೌಡಪ್ಪನ ಕಾಯಂ ಕೆಲಸ ಮುಂದಿನ ಯುಗಾದಿಯವರೆಗೂ ನಡೆಯಲಿಲ್ಲ. ಕೈ ಹುಣ್ಣಾದವನಿಂದ ಪೆಟ್ಟಿಗೆ ಹೊರಿಸುವುದು ಹೇಗೆ ಎಂದು ಮಾಲೀಕರು ಬಿಡಿಸಿದರು. ಎರಡು ಬೆರಳನ್ನು ಗೆಣ್ಣಿನವರೆಗೆ ಕತ್ತರಿಸಬೇಕಾಯಿತು. ಬೆಂಗಳೂರಿನ ಆಸ್ಪತ್ರೆಗೆ ಅವನನ್ನು ರೈಲಿನಲ್ಲಿ ಕರೆದುಕೊಂಡು ಹೋಗಿ ಬಂದವರು ಮೀಟರ್ ಸಾರ್. ಪ್ರತಿ ವಾರ ಅಂಗಡಿಗೆ ರಜೆಯಿದ್ದ ದಿನ ಕಾಮಸಮುದ್ರದ ಬಸ್ಸು ಹತ್ತಿ ಅವನ ಹಳ್ಳಿಗೆ ಹೋಗಿ, ಗಾಯ ತೊಳೆದು ಬಟ್ಟೆ ಕಟ್ಟಿ ಬರುತ್ತಿದ್ದರಂತೆ. ಇದನ್ನು ಚೌಡಪ್ಪನೇ ನನಗೆ ಹೇಳಿದ್ದು, ಬಸ್ ನಿಲ್ದಾಣದಲ್ಲಿ ಸಿಕ್ಕಾಗ.

"ಆವಯ್ಯ ಒಂದ್ ದಿನಾನೂ ಕೇಳ್ನಿಲ್ಲ ಸಾ, ಯಾಕ್ಲಾ ಅಂಗಂದೆ ಅಂತ," ಎಂದ. "ಕೇಳಿದ್ರೆ ಚೆನ್ನಾಗಿರ್ತಿತ್ತು. ಎರಡು ಏಟು ಹೊಡ್ದಿದ್ರೂ ಚೆನ್ನಾಗಿರ್ತಿತ್ತು. ಸುಮ್ಕೆ ಬತ್ತಿದ್ದ, ಕಟ್ತಿದ್ದ, ಓಗ್ತಿದ್ದ." ನನ್ನನ್ನು ನೋಡಿ, "ನಿಮ್ಮನ್ನೇನಾರ ಕೇಳಿದ್ರಾ?" ಎಂದ.

ಇಲ್ಲ ಎಂದೆ. ಇಬ್ಬರೂ ಬಸ್ಸು ಬರುವ ದಾರಿ ನೋಡುತ್ತಾ ನಿಂತೆವು.

ಸುದ್ದಿ ತಿಳಿದ ಮುಂದಿನ ಭಾನುವಾರ ಕೋರಮಂಡಲ್‌ನಲ್ಲಿ ಇಳಿದೆ. ಅವರ ಮನೆಗೆ ಹೋದದ್ದು ಅದೇ ಮೊದಲು. ಗಣಿಯ ಕಾಲದ ಸಾಲು ಮನೆ, ತಗ್ಗಾದ ಬಾಗಿಲು. ಅವರ ಹೆಂಡತಿ ಹೊರಗೆ ಒಣಗಿದ ಬಟ್ಟೆ ಎತ್ತುತ್ತಿದ್ದರು. ಕಂಪನಿಯಲ್ಲಿ ಜೊತೆಗಿದ್ದವನು ಎಂದೆ. ಹೆಸರು ಕೇಳಲಿಲ್ಲ. "ವಾಂಗ, ಕೂತ್ಕೊಳ್ಳಿ," ಎಂದು ಒಳಗೆ ಕರೆದರು. ಎದೆ ನೋವು ಅಂದರು, ಆಸ್ಪತ್ರೆ ಸೇರೋದಕ್ಕೂ ಬಿಡಲಿಲ್ಲ, ಎಂದು ತಮಿಳು ಕನ್ನಡ ಬೆರೆಸಿ ಹೇಳಿದರು. ಅಳಲಿಲ್ಲ. ಚಹಾ ಇಟ್ಟರು.

ಲೋಟ ಕೊಟ್ಟು, "ನಿಮಗೆ ಇಂಗ್ಲಿಷ್ ಬರ್ತದಾ?" ಎಂದು ಕೇಳಿದರು. ಬರುತ್ತದೆ ಎಂದೆ. ಬೀರುವಿನಿಂದ ಒಂದು ಹಾಳೆ ತಂದರು. "ಎರಡು ವರ್ಷದ ಹಿಂದೆ ಆ ಚೌಡಪ್ಪ ಬಂದು ನಿಜ ಹೇಳ್ತೀನಿ ಅಂತ ಕೂತ. ಇವರು ಬರೆದರು, ಅವನು ಹೆಬ್ಬೆಟ್ಟು ಒತ್ತಿದ. ಮತ್ತೆ ವಿಚಾರಣೆ ಮಾಡಿ ಅಂತ ಮುಂಬೈಗೆ ಕಳಿಸಿದರು. ಅವರು ಕಂಪನಿಯನ್ನ ಕೇಳಿದರಂತೆ. ಕಂಪನಿಯ ಉತ್ತರ ಇದು. ಇವರು ಅರ್ಜಿ ಹಾಕಿ ತರಿಸಿಕೊಂಡರು. ಓದಿ ಮಡಚಿಟ್ಟರು, ಏನಂತ ನನಗೆ ಹೇಳಲಿಲ್ಲ. ಆಮೇಲೆ ಆ ಮಾತೇ ಎತ್ತಲಿಲ್ಲ. ಏನಿದೆ ಅದರಲ್ಲಿ?"

ಹಾಳೆ ನೋಡುವ ಮೊದಲೇ ಏನಿದೆ ಎಂದು ನನಗೆ ಗೊತ್ತಿತ್ತು. ಅದನ್ನು ಬರೆದವನು ನಾನು. ಈ ಸಲ ಯಾರೂ ಕಾಫಿ ತರಿಸಿ ಕೊಟ್ಟಿರಲಿಲ್ಲ. ಮಾಲೀಕರು ಹಾಸಿಗೆ ಹಿಡಿದಿದ್ದರು, ಕಂಪನಿ ನೋಡಿಕೊಳ್ಳುವ ಅವರ ಅಳಿಯನಿಗೆ ಹಳೆಯ ಸಂಗತಿಯೇ ತಿಳಿಯದು. ನಿಜ ಬರೆದಿದ್ದರೆ ತಡೆಯುವವರು ಒಬ್ಬರೂ ಇರಲಿಲ್ಲ. ಮುಂಬೈನಿಂದ ಬಂದ ಪತ್ರವನ್ನು ಎರಡು ದಿನ ಮೇಜಿನ ಮೇಲಿಟ್ಟುಕೊಂಡು, ಮೂರನೆಯ ದಿನ ಉತ್ತರ ಟೈಪ್ ಮಾಡಿದೆ. ಕೆಳಗೆ ಹುದ್ದೆ ಹಾಕಿದೆ, ಹೆಸರು ಹಾಕಲಿಲ್ಲ. ಸಹಿ ಮಾಡಿದೆ.

ಈಗ ಅದನ್ನೇ ಆಕೆಗೆ ಒಂದೊಂದು ಸಾಲಾಗಿ ಓದಿ ತಮಿಳಿನಲ್ಲಿ ಹೇಳಿದೆ. ಆ ಹೆಸರಿನ ಆಳು ನಮ್ಮ ಸಂಸ್ಥೆಯಲ್ಲಿ ಎಂದೂ ಕೆಲಸ ಮಾಡಿದ ದಾಖಲೆಯಿಲ್ಲ. ಘಟನೆಯ ವಿಚಾರಣೆ ಹಿಂದೆಯೇ ಮುಗಿದಿದೆ. ದೂರು ಕೊಟ್ಟವರು ಕೆಲಸದಿಂದ ತೆಗೆಯಲ್ಪಟ್ಟ ಸಿಟ್ಟಿನಲ್ಲಿ ಹೀಗೆ ಮಾಡುತ್ತಿರಬಹುದು. ಆಕೆ ಸೆರಗನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಪೂರ್ತಿ ಕೇಳಿದರು.

"ಇಷ್ಟೇನಾ?"

"ಇಷ್ಟೇ ಅಮ್ಮ."

"ಕೆಳಗೆ ಯಾರ ಸಹಿ ಅದು?"

ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದೆ.

"ತಿಳೀತಾ ಇಲ್ಲ ಅಮ್ಮ," ಎಂದೆ.

"ಅವರೂ ಹಾಗೇ ಅಂದರು," ಎಂದು ಆಕೆ ಕೈ ಚಾಚಿ ಹಾಳೆಯನ್ನು ವಾಪಸ್ಸು ತೆಗೆದುಕೊಂಡರು. "ಅದೊಂದು ಮಾತ್ರ ನಾನು ಕೇಳಿದ್ದೆ. ಯಾರು ಸಹಿ ಹಾಕಿರೋದು ಅಂತ. ಗೊತ್ತಾಗ್ತಿಲ್ಲ ಅಂದರು."

ಆರು ವರ್ಷ, ಪ್ರತಿ ಸಂಜೆ, ದಿನದ ಕೆಲಸದ ಪುಸ್ತಕದಲ್ಲಿ ನನ್ನ ಸಹಿಯ ಪಕ್ಕದಲ್ಲೇ ತಮ್ಮ ಸಹಿ ಹಾಕಿದವರು ಅವರು. ನನ್ನ ಅಕ್ಷರದ ಒಂದು ಸುಳಿ ಕೊಂಕಾಗಿದ್ದರೂ, ಏನು ಅವಸರ ಎಂದು ಕೇಳುತ್ತಿದ್ದವರು. ಗೊತ್ತಿದ್ದೂ ಗೊತ್ತಿಲ್ಲವೆಂದು ಅವರು ಹೇಳಿದ್ದು ಬೇರೆ ಯಾವ ವಿಷಯದಲ್ಲೂ ನಾನು ಕಂಡಿಲ್ಲ.

ಚಹಾ ಆರುತ್ತಿದೆ, ಕುಡಿಯಿರಿ ಎಂದರು ಆಕೆ. ಕುಡಿದು ಎದ್ದೆ.